ಸುತ್ತಿಗೆ ಕೆಳಗಿಡಿ, ಶ್ರೀಕಾಂತಜ್ಜ

ಹುಬ್ಬಳ್ಳಿ
ಶ್ರಾವಣದ ನಲವತ್ತೊಂದನೆಯ ದಿನ, ೨೧೭೧

ಶ್ರೀಕಾಂತ ಮುನವಳ್ಳಿ ಅವರಿಗೆ, ಅವರದೇ ವಂಶದ ಐದನೆಯ ತಲೆಮಾರಿನ ಇಂದುಧರೆ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಜ್ಯೇಷ್ಠವನ್ನು ಅರ್ಧಕ್ಕೆ ಕತ್ತರಿಸಿ ಆ ದಿನಗಳನ್ನು ಶ್ರಾವಣಕ್ಕೆ ಜೋಡಿಸಿದರು. ಬಿಸಿಲು ಕಡಿಮೆಯಾಗಲಿಲ್ಲ, ಲೆಕ್ಕ ಮಾತ್ರ ಹಾಗೇ ಉಳಿಯಿತು. ನನ್ನ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಕ್ಷಮಿಸಿ. ನಿಮಗೀಗ ಮೂವತ್ತೆಂಟು, ನನಗೆ ಅರವತ್ತಾರು. ನಿಮ್ಮನ್ನು ಅಜ್ಜ ಎನ್ನಲು ನನಗೇ ನಗು ಬರುತ್ತದೆ. ಆದರೂ ಸಂಬಂಧ ಸಂಬಂಧವೇ, ಆದ್ದರಿಂದ ಅಜ್ಜ ಎಂದೇ ಬೈಯುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ, ಮುನಿಸಿಕೊಂಡು ಹೋದ ತಮ್ಮನಿಗೆ ಬರೆಯುತ್ತಾರೆ. ನಾನೂ ನನ್ನ ಅವ್ವನಿಗೆಂದು ಎತ್ತಿಟ್ಟಿದ್ದೆ. ಅದನ್ನು ನಿಮ್ಮಂಥವರ ಮೇಲೆ ಖರ್ಚು ಮಾಡಬೇಕಾಗಿ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿದೆ.

ನಮ್ಮ ಕಾಲದಲ್ಲಿ ಯಾರ ಮನೆಯಲ್ಲೂ ಹಾಡು ಇರುವುದಿಲ್ಲ. ನೀವು ಫೋನಿನಲ್ಲಿ ಕೇಳುವವನ್ನು ನಾವು ಬಾಡಿಗೆ ಹಾಡು ಎನ್ನುತ್ತೇವೆ. ಕಂಪನಿಗಳು ಬಾಗಿಲು ಹಾಕಿಕೊಂಡ ಮೇಲೆ ಅವೂ ಹೋದವು. ಉಳಿದದ್ದು ಮುಟ್ಟುಹಾಡುಗಳು, ಅಂದರೆ ಕೈಯಲ್ಲಿ ಹಿಡಿಯಬಹುದಾದ ಕ್ಯಾಸೆಟ್ಟು, ರೆಕಾರ್ಡು. ಅವು ಓಣಿ ಓಣಿಯ ಕೇಳ್ಮನೆಗಳಲ್ಲಿವೆ. ಸಂಜೆ ಕೆಲಸ ಮುಗಿಸಿದ ಜನ ಮಿರ್ಚಿ ಕಟ್ಟಿಸಿಕೊಂಡು ಬಂದು ಚಾಪೆ ಹಾಸಿ ಕೂರುತ್ತಾರೆ. ಕ್ಯಾಸೆಟ್ ಮಗುಚಿ ಹಾಕುವುದು ಯಾರು ಎಂದು ಮಕ್ಕಳು ಜಗಳಾಡುತ್ತವೆ, ಇಷ್ಟವಿಲ್ಲದ ಹಾಡು ಬಂದರೆ ಮುದುಕರು ಗೊರಕೆ ಹೊಡೆಯುತ್ತಾರೆ. ಮುಟ್ಟುಹಾಡು ಯಾರ ಪಾಲಿಗೆ ಬಂದರೂ ಅದನ್ನು ಎಲ್ಲರ ಎದುರು ಹಾಕಿಸಬೇಕು. ಇದಕ್ಕೆ ಬಾಯಿಬಿಡಿಸುವುದು ಎಂದು ಹೆಸರು. ತನಗೊಬ್ಬನಿಗೇ ಇರಲಿ ಎಂದು ಬಚ್ಚಿಡುವುದು ನಮ್ಮಲ್ಲಿ ನಾಚಿಕೆಗೇಡಿನ ಕೆಲಸ.

ಹೋದ ತಿಂಗಳು ನಿಮ್ಮ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಒಳಗೆ ‘ಲೋ ವೋಲ್ಟೇಜ್’ ಬ್ಯಾಂಡಿನ ಒಂದು ಸಿಂಗಲ್, ಅಂದರೆ ಬದಿಗೊಂದೇ ಹಾಡಿನ ಕ್ಯಾಸೆಟ್ಟು ಇತ್ತು. ನಾನು ಕುಣಿದಾಡಿದೆ. ಅದರ ಎ ಸೈಡಿನ ‘ಟ್ರಾನ್ಸ್‌ಫಾರ್ಮರ್’ ಬೇರೆ ಕ್ಯಾಸೆಟ್ಟುಗಳಲ್ಲೂ ಇದೆ, ನಮಗೆ ಹೊಸದಲ್ಲ, ಇಲ್ಲಿನ ಹುಡುಗರು ಅದನ್ನೇ ಒದರುತ್ತ ಸೈಕಲ್ ಹೊಡೆಯುತ್ತಾರೆ. ಬಿ ಸೈಡಿನ ‘ಎರಡನೇ ಪಾಳಿ’ ಮಾತ್ರ ಬೇರೆಲ್ಲೂ ಇಲ್ಲ. ಅದನ್ನು ಹಾಡಿದವಳು ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಶಾಹೀನ್ ನದಾಫ್. ಅವಳು ಜೀವನದಲ್ಲಿ ಮೈಕಿನ ಮುಂದೆ ಹಾಡಿದ್ದು ಅದೊಂದನ್ನೇ. ಸುದ್ದಿ ತಿಳಿದು ಅವಳ ವಂಶದ ಸುಗ್ರಾಬಿ ಗದಗಿನಿಂದ ಬಂದಳು. ಎಂಬತ್ತು ದಾಟಿದವಳು, ಮೊಣಕಾಲು ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತಳು.

ನಿನ್ನೆ ಸಂಜೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಹೊದಿಕೆ ಹರಿದೆವು. ಹೌದು, ನಾವು ಹರಿದೆವು! ನೀವು ಬದುಕಿರುವವರೆಗೆ ಅದನ್ನು ಒಂದು ಸಲವೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಬೆಲೆ ಹೋಗುತ್ತದಂತೆ. ಟೇಪು ಒಂದು ಸುತ್ತು ತಿರುಗಿತು, ಆಮೇಲೆ ಹಳೆಯ ಹಪ್ಪಳದಂತೆ ಮುರಿದು ಕಂದು ಪುಡಿಯಾಯಿತು. ಒಂದಕ್ಷರವೂ ಕೇಳಿಸಲಿಲ್ಲ.

ಪೆಟ್ಟಿಗೆಯಲ್ಲಿ ನಿಮ್ಮದೊಂದು ಫೋಟೋ ಇದೆ. ಅದೇ ಸಿಂಗಲ್ಲಿನ ಉಳಿದ ಆರು ಪ್ರತಿಗಳನ್ನು ಊರೂರು ತಿರುಗಿ ಸೇರಿಸಿ, ಸುತ್ತಿಗೆಯಿಂದ ಒಡೆದು, ಚೂರುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನಗುತ್ತಿದ್ದೀರಿ. ಜಗತ್ತಿನಲ್ಲಿ ಇನ್ನು ಇದೊಂದೇ ಎಂಬುದಕ್ಕೆ ಅದು ಪುರಾವೆಯಂತೆ. ನಿಮ್ಮ ಸಂಗ್ರಹಕಾರರ ಬಳಗದಲ್ಲಿ ಇದಕ್ಕೆ ಚಪ್ಪಾಳೆ ಬೇರೆ! ಒಂದು ಚೂರಿನ ಮೇಲೆ ಪೆನ್ನಿನಲ್ಲಿ ‘ಶಾಹೀನ್’ ಎಂದು ಬರೆದದ್ದು ಕಾಣುತ್ತದೆ. ಅವಳ ಸ್ವಂತ ಪ್ರತಿಯನ್ನೂ ಬಿಡಲಿಲ್ಲವಲ್ಲ ನೀವು.

ಸುಗ್ರಾಬಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ಈಂವನ ಇರಬೇಕ ನೋಡವಾ. ನಿಮ್ಮ ಹಾಡಂದ್ರ ಜೀವಾ ಅಂತ ಬಾಗಲಿಗೆ ಬಂದು ನಿಂತಿದ್ನಂತ. ಇಷ್ಟ ಪ್ರೀತಿ ಐತಿ ಅಂತ ಶಾಹೀನಜ್ಜಿ ಇದ್ದದ್ದೊಂದನ್ನೂ ಕೊಟ್ಟು, ಮ್ಯಾಲ ಚಾ ಕುಡಿಸಿ ಕಳಿಸಿದ್ಲಂತ. ನಮ್ಮ ಮನ್ಯಾಗ ಎಲ್ಲಾರೂ ಹೇಳ್ಕೋತ ಬಂದಾರ” ಎಂದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ನನ್ನ ಕೈ ಹಿಡಿದು “ಇರ್ಲಿ ಬಿಡು, ನೀ ಏನ್ ಮಾಡ್ತಿ” ಎಂದಳು. ಅವಳು ಎಲ್ಲರೆದುರು ನನ್ನ ಮುಖಕ್ಕೆ ಉಗಿದಿದ್ದರೆ ವಾಸಿಯಿತ್ತು.

ನೀವು ಕಟುಕರಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಈ ಬ್ಯಾಂಡಿನ ಹರಿದ ಪೋಸ್ಟರ್ ಒಂದಕ್ಕಾಗಿ ಜ್ವರದಲ್ಲೂ ಬಸ್ಸು ಹತ್ತಿ ಬೆಳಗಾವಿಗೆ ಹೋಗಿದ್ದಿರಂತೆ. ಒಪ್ಪಿದೆ, ಪ್ರೀತಿ ಇತ್ತು. ಆದರೆ ಬೇರೆಯವರಿಗೆ ದಕ್ಕದಂತೆ ಮಾಡುವುದೇ ಪ್ರೀತಿ ಎಂದು ನಿಮಗೆ ಯಾರು ಹೇಳಿಕೊಟ್ಟರು? ಒಬ್ಬ ಹೆಂಗಸು ಮನಸ್ಸು ಬಿಚ್ಚಿ ಹಾಡಿದ್ದನ್ನು ಅವಳ ಮಕ್ಕಳಿಗೂ ಇಲ್ಲದಂತೆ ಮಾಡಿದಿರಿ. ನೀವಾದರೂ ಕೇಳಿದಿರಾ ಎಂದರೆ ಅದೂ ಇಲ್ಲ.

ಫೋಟೋದ ಮೂಲೆಯಲ್ಲಿ ತಾರೀಖು ಇದೆ. ಅದರ ಹಿಂದಿನ ದಿನ ನಿಮ್ಮ ಕೈ ಸೇರುವಂತೆ ಈ ಕಾಗದ ಹಾಕುತ್ತಿದ್ದೇನೆ. ಅಂದರೆ ಆರೂ ಪ್ರತಿಗಳು ಇನ್ನೂ ನಿಮ್ಮ ಮೇಜಿನ ಮೇಲೆ ಇಡಿಯಾಗಿವೆ. ಶಾಹೀನಳದ್ದನ್ನು ಅವಳಿಗೆ ವಾಪಸು ಕೊಡಿ. ಉಳಿದವನ್ನು ಕೇಳುವವರಿಗೆ ಹಂಚಿ, ಅವರು ಇನ್ನೊಬ್ಬರಿಗೆ ಕಾಪಿ ಮಾಡಿಕೊಡಲಿ. ನಿಮ್ಮದರ ಪ್ಲಾಸ್ಟಿಕ್ ಹರಿದು, ಇವತ್ತೇ ಕುಳಿತು ಬಿ ಸೈಡ್ ಕೇಳಿ.

ಹಾಗೆ ಮಾಡಿದರೆ ನಮ್ಮ ನಿನ್ನೆಯ ಸಂಜೆಯೇ ಬದಲಾಗಿ, ನಾನು ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲ. ಬೇಡ, ನೆನಪಿರುವುದು ಬೇಡವೇ ಬೇಡ. ಸುಗ್ರಾಬಿ ಇನ್ನೂ ಕೇಳ್ಮನೆಯ ಚಾಪೆಯ ಮೇಲೆ ಕುಳಿತಿದ್ದಾಳೆ. ಗದಗಿನ ಗಾಡಿ ಸಂಜೆಗೆ ಹೊರಡುತ್ತದೆ. ಅಷ್ಟರೊಳಗೆ ಅವಳಿಗೆ ಅವಳ ಅಜ್ಜಿಯ ದನಿ ಕೇಳಿಸಿ.