ಸವಣೂರಿನ ಎಂಟು ಗಂಟೆ

ಸವಣೂರು
೨೧-೧೨-೧೯೭೮

ಪ್ರೀತಿಯ ಇಂದೂ,

ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯಮ್ಮಾ? ಗಂಡ, ಮಕ್ಕಳು ಇಲ್ಲದ ಮನೆಯಲ್ಲಿ ಅಡಿಗೆ ಮಾಡಿಕೊಳ್ಳುತ್ತೀಯೋ, ಇಲ್ಲ ಆಸ್ಪತ್ರೆಯಿಂದ ಬಂದು ಬ್ರೆಡ್ಡು ತಿಂದು ಮಲಗುತ್ತೀಯೋ? ಸುಳ್ಳು ಬರೆಯಬೇಡ, ನನಗೆ ಗೊತ್ತಾಗುತ್ತದೆ. ನಿನಗೂ ರಜೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ಅಪ್ಪನ ಕೆಮ್ಮು ಇಳಿದಿದೆ. ನನ್ನ ಮೊಣಕಾಲು ನೋವು ಎಲ್ಲಿತ್ತೋ ಅಲ್ಲೇ ಇದೆ.

ಇನ್ನು ಸುದ್ದಿ ಕೇಳು. ನಾನು ಗೆದ್ದೆ! "ಎಂಟು ದಿನದಲ್ಲಿ ಮಕ್ಕಳ ನಿದ್ದೆ ಹಾದಿಗೆ ಬರದಿದ್ದರೆ ಅವರನ್ನು ಮುಂಬಯಿಗೆ, ನಾದಿನಿಯ ಮನೆಗೆ ಕರೆದುಕೊಂಡು ಹೋಗಲಿ" ಎಂದು ಅಳಿಯಂದಿರ ಕೈಯಲ್ಲಿ ಚೀಟಿ ಕಳಿಸಿದ್ದೆಯಲ್ಲ, ಆ ಎಂಟು ದಿನ ನಿನ್ನೆಗೆ ಮುಗಿದವು. ಮಕ್ಕಳು ಎಲ್ಲಿಗೂ ಹೋಗುವುದಿಲ್ಲ, ಸೂಟಿ ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಡಾಕ್ಟರಬಾಯಿಯ ಚೀಟಿಯನ್ನು ಒಲೆಗೆ ಹಾಕಿದೆ, ಸಿಟ್ಟಾಗಬೇಡ.

ಆದರೆ ನಿಜ ಹೇಳಲೇ, ಎದೆಯಲ್ಲಿ ಅಳುಕಿತ್ತು. ಮೂರು ವರ್ಷದ ಹಿಂದೆ ಮಧ್ವೇಶ ನಿದ್ದೆಗೆಟ್ಟು, ಜ್ವರ ಬಂದು, ನೀವು ಒಂಬತ್ತನೆಯ ದಿನವೇ ಹೊರಟುಹೋದದ್ದನ್ನು ನಿನ್ನ ಅಪ್ಪ ಮರೆತಿಲ್ಲ. ಧನುರ್ಮಾಸದ ಪೂಜೆಗೆ ಮೊಮ್ಮಗ ಜಾಗಟೆ ಬಾರಿಸಬೇಕು ಎಂಬ ಅವರ ಆಸೆ ಅಂದಿನಿಂದ ಹಾಗೇ ಉಳಿದಿತ್ತು. ಆ ಪೂಜೆಯೋ, ಬೆಳಕು ಹರಿಯುವ ಮುನ್ನ. ಮಕ್ಕಳೋ, ನಿಮ್ಮ ಜಾಂಬಿಯಾದ ಲೆಕ್ಕಕ್ಕೆ ಇಲ್ಲಿಯ ಹತ್ತು ಗಂಟೆಗೆ ಕಣ್ಣು ಬಿಡುವವರು. ಈ ಸಲವೂ ಅಜ್ಜ ಎದ್ದಾಗ ಮೊಮ್ಮಕ್ಕಳು ನಿದ್ದೆಯಲ್ಲಿ, ಮೊಮ್ಮಕ್ಕಳು ಆಟಕ್ಕೆ ನಿಂತಾಗ ಅಜ್ಜ ಹಾಸಿಗೆಯಲ್ಲಿ. ಒಂದೇ ಮನೆಯಲ್ಲಿದ್ದೂ ಮುಖ ನೋಡಲಿಲ್ಲ ಎನ್ನುವ ಹಾಗಾಗಿತ್ತು. ನಿನ್ನ ಅಪ್ಪ ಬೆಳಗ್ಗೆ ಎರಡೆರಡು ಸಲ ಕೋಣೆಯ ಬಾಗಿಲವರೆಗೆ ಬಂದು ಇಣುಕಿ ಹೋಗುತ್ತಿದ್ದರು.

ಮೊದಲ ನಾಲ್ಕು ದಿನ ನಾವು ಮಾಡಿದ್ದೆಲ್ಲ ತಪ್ಪೇ. ಬೇಕಾದಷ್ಟು ಮಲಗಲಿ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೆ ಕೋಣೆಯ ಕಿಟಕಿಗೆಲ್ಲ ನನ್ನ ಹಳೆಯ ಇಲಕಲ್ ಸೀರೆ ಕಟ್ಟಿದೆ. ನಿನ್ನ ಅಪ್ಪ, ನೀನು ನಂಬುವುದಿಲ್ಲ, ದೇವರ ಗಂಟೆಯ ನಾಲಿಗೆಗೆ ಅರಿವೆ ಸುತ್ತಿ ಪೂಜೆ ಮಾಡಿದರು! ರಾತ್ರಿ ಮಕ್ಕಳು ಹಸಿವೆ ಎಂದರೆ ನಾನು ಸ್ಟೋ ಹಚ್ಚಿ ಬಿಸಿ ಅನ್ನ ಮಾಡಿ ಹಾಕುತ್ತಿದ್ದೆ. ಐದನೆಯ ದಿನ ದುರಗವ್ವ ಮುಸುರೆ ತಿಕ್ಕುವುದನ್ನು ಬಿಟ್ಟು ಎದ್ದುನಿಂತಳು. "ಬಾಯಾರ, ಹಗಲಹೊತ್ತಿನ್ಯಾಗ ಮನೀನ ಕತ್ತಲಿ ಮಾಡಿ ಕುಂತೀರಿ. ಕೂಸಿಗೆ ಬೆಳಗಾಗಿದ್ದು ಹೆಂಗ ತಿಳೀಬೇಕ್ರಿ?" ಎಂದವಳೇ ಸೀರೆ ಕಿತ್ತುಹಾಕಿದಳು. ನಿದ್ದೆಗಣ್ಣಿನಲ್ಲಿ ಕಿರುಚುತ್ತಿದ್ದ ನಿನ್ನ ಮಗಳು ಭಾಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಿಸಿಲಿಗೆ ನಡೆದೇಬಿಟ್ಟಳು, ಮಠದ ದೊಡ್ಡಹುಣಸೆ ಮರಗಳವರೆಗೆ. ಅಳುತ್ತಿದ್ದ ಹುಡುಗಿ ಮರ ಕಂಡು ಗಪ್ಪಾದಳಂತೆ. "ಇದು ನಮ್ಮೂರ ಗಿಡ" ಎಂದಳಂತೆ. ಜಾಂಬಿಯಾದಲ್ಲಿ ನೀವು ಸೂಟಿಗೆ ನದಿಯ ಕಡೆ ಹೋಗುವ ದಾರಿಯಲ್ಲಿ ಇಂಥವೇ ಡೊಳ್ಳುಹೊಟ್ಟೆಯ ಮರಗಳಿವೆಯಂತಲ್ಲ! ಅಲ್ಲಿಂದ ಮುಂದೆ ದಿನಾ ಬೆಳಗ್ಗೆ "ನಮ್ಮೂರ ಗಿಡ" ನೋಡಲು ಅವಳೇ ಮುಂದೆ. ರಾತ್ರಿಯ ಅನ್ನ ನಿಲ್ಲಿಸಿ ಧನುರ್ಮಾಸದ ಬಿಸಿ ಹುಗ್ಗಿಯನ್ನು ಬೆಳಗ್ಗೆಯೇ ತುಪ್ಪ ಹಾಕಿ ಕೊಟ್ಟೆ. ಮಧ್ಯಾಹ್ನ ಒಂದು ತಾಸು ನಿದ್ದೆ, ಆಮೇಲೆ ಎಬ್ಬಿಸಿಬಿಡುವುದು. ಎರಡೇ ದಿನದಲ್ಲಿ ಭಾಗಿ ದಾರಿಗೆ ಬಂದಳು.

ಮಧ್ವೇಶ ಮಾತ್ರ ಜಪ್ಪೆನ್ನಲಿಲ್ಲ. ಕಣ್ಣು ಎಳೆಯುತ್ತಿದ್ದರೂ ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಹಟಮಾರಿ, ತಾಯಿಯ ಹಾಗೆ, ಎಂದುಕೊಂಡೆ. ಕೊನೆಗೆ ತಲೆ ಸವರಿ ಕೇಳಿದರೆ ಏನೆಂದ ಗೊತ್ತೇ? "ಅಜ್ಜೀ, ಇನ್ನೂ ಎಂಟಾಗಿಲ್ಲ. ಅವ್ವ ಎಂಟಕ್ಕ ಮಲಗು ಅಂದಾಳ." ಹೊಸದಾಗಿ ಗಡಿಯಾರ ನೋಡಲು ಕಲಿತ ಹುಡುಗ, ದಿನಾ ಅಪ್ಪನ ಕೈ ಹಿಡಿದು ನೋಡುತ್ತಿದ್ದನಂತೆ. ಅಳಿಯಂದಿರ ಕೈಗಡಿಯಾರ ಇನ್ನೂ ನಿಮ್ಮ ಊರಿನ ಹೊತ್ತನ್ನೇ ತೋರಿಸುತ್ತಿತ್ತು! ಇಲ್ಲಿ ಎಂಟಾದರೆ ಅದರಲ್ಲಿ ನಾಲ್ಕೂವರೆ. ಪಾಪದ ಕೂಸು ಹಟ ಮಾಡುತ್ತಿರಲಿಲ್ಲ ಇಂದೂ, ನಿನ್ನ ಮಾತು ಪಾಲಿಸುತ್ತಿತ್ತು. ನನಗೆ ಅಳು ಬಂತು. ಅಳಿಯಂದಿರನ್ನು ನೇರ ಕೇಳಲು ಸಂಕೋಚವಾಗಿ ನಿನ್ನ ಅಪ್ಪನಿಂದ ಕೇಳಿಸಿದೆ. ಅಳಿಯಂದಿರು ನಾಚಿಕೊಂಡು, "ಅಲ್ಲಿ ಈಗ ಆಕಿ ಏನ್ ಮಾಡ್ಲಿಕ್ಕತ್ತಿರ್ತಾಳ ಅಂತ ತಿಳೀಲಿ ಅಂತ ಹಂಗ ಇಟ್ಕೊಂಡೀನ್ರಿ" ಎಂದರು. ಒಳ್ಳೆಯ ಗಂಡ ಸಿಕ್ಕಿದ್ದಾರೆ ಕಣೇ ನಿನಗೆ. ಅದಕ್ಕೇ ನಮ್ಮ ಹಳೆಯ ಅಲಾರಂ ಗಡಿಯಾರಕ್ಕೆ ನಿಮ್ಮ ಹೊತ್ತು ಇಟ್ಟು ಅವರಿಗೆ ಕೊಟ್ಟೆ. ಈಗ ಅದು ಅವರ ಪೆಟ್ಟಿಗೆಯೊಳಗೆ ಟಿಕ್‌ಟಿಕ್ ಎನ್ನುತ್ತಿದೆ. ಕೈಗಡಿಯಾರದ ಮುಳ್ಳನ್ನು ಮಧ್ವೇಶನ ಕೈಯಿಂದಲೇ ತಿರುಗಿಸಿದೆ. "ನಿನ್ನ ಅವ್ವನೂ ಚಿಕ್ಕವಳಿದ್ದಾಗ ಇದೇ ಸವಣೂರಿನ ಎಂಟಕ್ಕೆ ಮಲಗುತ್ತಿದ್ದಳು" ಎಂದು ಅವನಿಗೆ ಹೇಳಿದೆ. ಆ ರಾತ್ರಿ ಮುಳ್ಳು ಎಂಟಕ್ಕೆ ಬಂದದ್ದೇ ತಡ, ನನ್ನ ತೊಡೆಯ ಮೇಲೆ ತಲೆಯಿಟ್ಟ.

ನಿನ್ನೆ ನಸುಕಿನಲ್ಲಿ ಅವನನ್ನು ಯಾರೂ ಎಬ್ಬಿಸಲಿಲ್ಲ. ತಾನೇ ಎದ್ದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. ಸರಿಯಾಗಿ ಆರಕ್ಕೆ ಮಂಗಳಾರತಿ. ಹುಡುಗ ಜಾಗಟೆ ಬಾರಿಸಿದ ರಭಸಕ್ಕೆ ಪಕ್ಕದ ಮನೆಯ ರಾಜೇಸಾಬರು ಗೋಡೆಯ ಆಚೆಯಿಂದ, "ಏನ್ರಿ ಬಾಯಾರ, ಮಮ್ಮಗ ಎದ್ದಾನಲ್ರಿ!" ಎಂದು ಕೂಗಿದರು. ನಿನ್ನ ಅಪ್ಪ ಐವತ್ತು ವರ್ಷದಿಂದ ಹೇಳುವ ಶ್ಲೋಕವನ್ನು ಅರ್ಧಕ್ಕೇ ಮರೆತು, ಆರತಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಭಾಗಿ ಎರಡು ಸಲ ಹುಗ್ಗಿ ಹಾಕಿಸಿಕೊಂಡಳು. ದುರಗವ್ವನಿಗೆ ಒಂದು ಡಬ್ಬಿ ತುಂಬ ಕಟ್ಟಿಕೊಟ್ಟೆ.

ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ನಿನಗೆ ಸದಾ ಒಳ್ಳೆಯದಾಗಲಿ, ತಾಯಿ.

ನಿನ್ನ ಅವ್ವ,
ಗೋಪಿಕಾಬಾಯಿ

ತಾ.ಕ.: ಅಂಚೆಯ ಹೊತ್ತಾಯಿತು, ಮುಖ್ಯವಾದದ್ದೇ ಉಳಿದಿತ್ತು. ಜನವರಿಯಲ್ಲಿ ಮಕ್ಕಳು ಅಲ್ಲಿಗೆ ಬಂದಾಗ ನಿಮ್ಮ ರಾತ್ರಿಯ ಎರಡೂವರೆಗೇ ಎದ್ದು ಕೂತು ಹುಗ್ಗಿ ಕೇಳುತ್ತಾರೆ. ಬೈಯಬೇಡ. ಬೆಳಕು, ಊಟ, ಗಡಿಯಾರ, ಎಲ್ಲ ನಾನು ಮಾಡಿದಂತೆಯೇ ಮಾಡು, ತಾವಾಗಿ ಹೊಂದಿಕೊಳ್ಳುತ್ತಾರೆ. ಆದರೆ ಮೊದಲ ದಿನವೇ ಶುರು ಮಾಡಬೇಡಮ್ಮಾ. ಒಂದು ನಾಲ್ಕು ದಿನ ನಮ್ಮ ಹೊತ್ತಿನಲ್ಲೇ ಇರಲಿ. ಇಲ್ಲಿ ಆರಕ್ಕೆ ನಿನ್ನ ಅಪ್ಪ ಒಬ್ಬರೇ ಜಾಗಟೆ ಬಾರಿಸುವಾಗ, ಅಲ್ಲಿ ಮಧ್ವೇಶನೂ ಎದ್ದಿದ್ದಾನೆ ಎಂದು ನಮಗೆ ಗೊತ್ತಿರುತ್ತದೆ.