ಎತ್ತದ ಬೆರಳು

ಥಾರ್ನ್‌ಹರ್ಸ್ಟ್, ಸಸೆಕ್ಸ್
ಜುಲೈ ೧೯, ೨೦೨೩

ಪ್ರೀತಿಯ ಟ್ಯಾಮ್ಸಿನ್,

ಹೇಗಿದ್ದೀಯ ಕಂದಾ? ಪಂದ್ಯ ಮುಗಿದ ಸಂಜೆಯೇ ಎಲ್ಲವನ್ನೂ ತಿಳಿಸುತ್ತೇನೆ ಎಂದಿದ್ದವಳು ಇಷ್ಟು ದಿನ ಸುಮ್ಮನಿದ್ದೆ, ಬೇಸರಿಸಬೇಡ. ಫೋನು ಕೈಗೆತ್ತಿಕೊಂಡರೆ ಕೂಗಾಡಿಬಿಡುತ್ತೇನೆ ಎಂಬ ಭಯ. ಭಾನುವಾರ ನಿನಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದದ್ದೇ ಒಳ್ಳೆಯದಾಯಿತು. ನಿನ್ನ ಝಲ್ಮೈ ಏನೂ ಹೇಳಿರಲಾರ, ಅದಕ್ಕೇ ನಾನು ಹೇಳುತ್ತೇನೆ.

ನಿಮ್ಮಪ್ಪನ ಷರತ್ತು ಗೊತ್ತಲ್ಲ? "ನಿನ್ನ ಮದುವೆಗೆ ಬರ್ತೀನೋ ಇಲ್ವೋ ಆಮೇಲೆ ಹೇಳ್ತೀನಿ. ಮೊದ್ಲು ಆ ಅಫ್ಘಾನಿ ಹುಡುಗ ತನ್ನ ತಂಡ ಕಟ್ಕೊಂಡು ನಮ್ಮ ಮೈದಾನಕ್ಕೆ ಬರ್ಲಿ. ಒಂದು ಮಧ್ಯಾಹ್ನ ಕ್ರಿಕೆಟ್ ಆಡಿಸಿದ್ರೆ ಆಳು ಎಂಥೋನು ಅಂತ ಗೊತ್ತಾಗತ್ತೆ." ನೀನು ನಕ್ಕು ಒಪ್ಪಿಕೊಂಡೆ. ನನಗೂ ಅದು ನ್ಯಾಯವೆಂದೇ ಕಂಡಿತ್ತು.

ಅವತ್ತು ನಮ್ಮ ಕ್ರಿಕೆಟ್ ಕ್ಲಬ್ಬಿಗೆ ಇನ್ನೂರು ವರ್ಷ ತುಂಬಿದ ಹಬ್ಬ. ಅಧ್ಯಕ್ಷ ಬ್ಯಾಸಿಲ್ ಭಾಷಣ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ನಮ್ಮ ಕುರಿಗಾಹಿಗಳು ಹುಲ್ಲುಗಾವಲಿನಲ್ಲಿ ಆಡುತ್ತಿದ್ದ ಆಟವಂತೆ, ನಮ್ಮ ಹಡಗು ಹೋದಲ್ಲೆಲ್ಲ ಹೋಯಿತಂತೆ, ಆಸ್ಟ್ರೇಲಿಯಾ, ಜಮೈಕಾ, ಬಾಂಬೆ, ಕೊಲಂಬೊ. "ಬರೀ ಬ್ಯಾಟು ಚೆಂಡು ಕಳಿಸ್ಲಿಲ್ಲ ನಾವು, ನ್ಯಾಯವಾಗಿ ಆಡೋದನ್ನ ಇಡೀ ಜಗತ್ತಿಗೆ ಕಲಿಸಿದ್ವಿ!" ಎಂದ. ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಝಲ್ಮೈಯೂ ತಟ್ಟಿದ, ಪಾಪ. ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಹಲಗೆ ಹಿಡಿದು, ಟೇಪು ಸುತ್ತಿದ ಟೆನಿಸ್ ಚೆಂಡಿನಲ್ಲಿ ಆಡಿ ಕಲಿತವನು. ಅವನಿಗೆ ಬ್ಯಾಸಿಲ್ ಯಾವ ಹಡಗಿನಲ್ಲಿ ಏನು ಕಳಿಸಿದ್ದನೋ!

ಮೊದಲು ಅವರ ಬ್ಯಾಟಿಂಗ್. ಝಲ್ಮೈ ಚೆನ್ನಾಗಿ ಹೊಡೆಯುತ್ತಿದ್ದ. ಒಂದು ಚೆಂಡು ಅವನನ್ನು ದಾಟಿ ಕೀಪರನ ಕೈ ಸೇರಿತು. ಬೌಲರ್ ಔಟ್ ಕೇಳಲಿಲ್ಲ, ಕೀಪರ್ ಕೇಳಲಿಲ್ಲ, ಅಂಪೈರ್ ಆಗಲೇ ಬೇರೆಲ್ಲೋ ನೋಡುತ್ತಿದ್ದ. ಝಲ್ಮೈ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಂದ. ಅವನ ತಂಡದವರೇ ಬೈದರು. "ತಾಗ್ತು ಖಾಲಾ, ನಂಗೆ ಗೊತ್ತಾಯ್ತಲ್ಲ," ಎನ್ನುತ್ತ ನನ್ನ ಟೀ ಮೇಜಿಗೆ ಬಂದು ಸೌತೆಕಾಯಿ ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದ. ಅವನ ಬಾಯಲ್ಲಿ ನಾನು ಆಗಲೇ ಖಾಲಾ, ಚಿಕ್ಕಮ್ಮ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಪರೀಕ್ಷೆ ಮುಗಿಯಿತು, ಇನ್ನು ನಿಮ್ಮಪ್ಪ ಬಾಯಿ ಬಿಡುವಂತಿಲ್ಲ ಅಂದುಕೊಂಡೆ.

ಟೀ ಆದ ಮೇಲೆ ನಮ್ಮವರ ಬ್ಯಾಟಿಂಗ್. ನಮ್ಮ ಪಂದ್ಯಗಳಲ್ಲಿ ಬ್ಯಾಟ್ ಮಾಡುವ ಕಡೆಯವರೇ ಅಂಪೈರಾಗಿ ನಿಲ್ಲುವುದು ತಾನೇ? ಬಿಳಿ ಕೋಟು ಹಾಕಿಕೊಂಡು ನಿಮ್ಮಪ್ಪ ನಿಂತ. ಬೌಲಿಂಗಿಗೆ ಝಲ್ಮೈ, ಎದುರಿಗೆ ನಿನ್ನ ಅಣ್ಣ ರೂಪರ್ಟ್. ಗೆಲ್ಲಲು ಇನ್ನು ಸ್ವಲ್ಪವೇ ರನ್ನು ಬೇಕಿತ್ತು. ಚೆಂಡು ರೂಪರ್ಟನ ಬ್ಯಾಟಿಗೆ ಟಕ್ಕೆಂದು ತಾಗಿದ್ದು ಕಪ್ಪು ತೊಳೆಯುತ್ತಿದ್ದ ನನಗೇ ಕೇಳಿಸಿತು. ಕೀಪರ್ ಹಿಡಿದ, ಅವರೆಲ್ಲ ಒಟ್ಟಿಗೆ ಕೂಗಿದರು. ರೂಪರ್ಟ್ ಮೋಡ ನೋಡುತ್ತ ನಿಂತ, ಕಳ್ಳ! ನಿಮ್ಮಪ್ಪ ಕೈಯನ್ನು ಜೇಬಿನಿಂದ ಹೊರಗೇ ತೆಗೆಯಲಿಲ್ಲ.

"ನಾಟ್ ಔಟ್."

ಝಲ್ಮೈ ಚೆಂಡನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತ ವಾಪಸ್ಸು ನಡೆದ. ನಾವು ಗೆದ್ದೆವು. ಬ್ಯಾಸಿಲ್ ಎಲ್ಲರಿಗೂ ಬಿಯರ್ ಕೊಡಿಸಿದ.

ಮನೆಗೆ ಬರುವಾಗ ಕಾರಿನಲ್ಲಿ ನಿಮ್ಮಪ್ಪನನ್ನು ಕೇಳಿಯೇಬಿಟ್ಟೆ. "ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು."

"ಮತ್ತೆ?"

"ಹಬ್ಬದ ದಿನ, ಊರೋರೆಲ್ಲರ ಮುಂದೆ, ಅವನು ಕೂಗಿದ ಅಂತ ನನ್ನ ಮಗನಿಗೆ ನಾನೇ ಔಟ್ ಕೊಡ್ಬೇಕಿತ್ತಾ?"

"ಝಲ್ಮೈ ತಾನಾಗೇ ನಡೆದು ಬಂದನಲ್ಲ, ಅದು ಕಾಣಿಸ್ತಾ?"

"ನಾಟಕ, ಹೆಸ್ಟರ್. ನಾನು ನೋಡ್ತಿದೀನಿ ಅಂತ ಗೊತ್ತಿತ್ತು ಅವನಿಗೆ. ನಾನು ಮದುವೆಗೆ ಬರಲ್ಲ."

ಮೈಯೆಲ್ಲ ಉರಿದುಹೋಯಿತು. ಒಬ್ಬ ಔಟಾಗಿಯೂ ಸುಳ್ಳೇ ನಿಂತ, ಇನ್ನೊಬ್ಬ ಆ ಸುಳ್ಳಿಗೆ ಕಾವಲು ನಿಂತ, ನಾಟಕದವನು ಮಾತ್ರ ನನ್ನ ಅಳಿಯ! ನಮ್ಮವರು ಜಗತ್ತಿಗೆಲ್ಲ ಕಲಿಸಿಬಂದರಂತೆ, ಮನೆಗೆಂದು ಒಂದಿಷ್ಟೂ ಉಳಿಸಿಕೊಳ್ಳಲಿಲ್ಲ.

ದಿನಾಂಕ ಮುಂದೂಡಬೇಡ, ಮಗಳೇ. ನಿಮ್ಮಪ್ಪನನ್ನು ಒಲಿಸಲು ಇನ್ನೊಂದು ಪಂದ್ಯವೂ ಬೇಡ. ನಿನ್ನ ಕೈ ಹಿಡಿದುಕೊಂಡು ನಾನು ಬರುತ್ತೇನೆ. ಟೋಪಿ ಕೊಂಡಾಗಿದೆ, ಹಸಿರು ಬಣ್ಣದ್ದು, ನಿನಗೆ ನಾಚಿಕೆಯಾಗುವಷ್ಟು ದೊಡ್ಡದು. ಇನ್ನು ಕ್ಲಬ್ಬಿನ ಟೀಯನ್ನು ಬೇಕಾದವರು ಮಾಡಿಕೊಳ್ಳಲಿ. ನೀವಿಬ್ಬರೂ ತಣ್ಣಗೆ ಬಾಳಿ, ಜಗಳವಾಡಿದರೂ ಸುಳ್ಳಾಡದೆ ಆಡಿ.

ನಿನ್ನ ಅಮ್ಮ,
ಹೆಸ್ಟರ್

ತಾ.ಕ.: ನಿಮ್ಮಪ್ಪನನ್ನು ಯಾಕೆ ಮದುವೆಯಾದೆ ಎಂದು ನೀನು ಎಂದೂ ಕೇಳಲಿಲ್ಲ. ಪಕ್ಕದ ಊರಿನ ತಂಡದ ಜೊತೆ ಆಡಲು ಬಂದಿದ್ದ ಆಬ್ರಿ, ಔಟೆಂದು ಯಾರೂ ಹೇಳುವ ಮೊದಲೇ ತಲೆ ಬಗ್ಗಿಸಿ ಹೊರಟುಬಂದಿದ್ದ. ಇಷ್ಟು ನೇರ ಮನುಷ್ಯ ಇನ್ನೊಬ್ಬ ಸಿಗಲಾರ ಎಂದು ಅವತ್ತೇ ತೀರ್ಮಾನಿಸಿದೆ. ಕಾರಿನಲ್ಲಿ ಅದನ್ನು ನೆನಪಿಸಿದರೆ ನಕ್ಕುಬಿಟ್ಟ. "ಅಯ್ಯೋ, ಅಂಪೈರ್ ಕೈ ಆಗ್ಲೇ ಮೇಲೆ ಬರ್ತಿತ್ತು ಕಣೇ. ಹೇಗೂ ಔಟು, ಒಳ್ಳೆಯವನು ಅನ್ನಿಸ್ಕೊಂಡ್ರೆ ಗಂಟೇನು ಹೋಗತ್ತೆ?"

ನಾನು ಅಂಪೈರ್ ಕಡೆ ನೋಡಿರಲೇ ಇಲ್ಲ, ಟ್ಯಾಮ್ಸಿನ್. ಅವನನ್ನೇ ನೋಡುತ್ತಿದ್ದೆ.