ಅಂಬಿಗಿತ್ತಿ ಅಳಲಿಲ್ಲ

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ಮೊದಲು ಉಸಿರು ಬಿಡು, ನನಗೇನೂ ಆಗಿಲ್ಲ. ಫೋನಿನಲ್ಲಿ ಹೇಳಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ. ಪ್ರಿನ್ಸಿಪಾಲರು ನಿನ್ನ ಲಾಂಡ್ರಿಗೆ ಫೋನ್ ಮಾಡುವ ಮೊದಲೇ ಸಿಗಲಿ ಎಂದು ಈ ಪತ್ರವನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಶಾಲೆಯಲ್ಲಿ ವೀರನಾಯಕಿಯ ದಿನ. ಗೊತ್ತಲ್ಲ, ಶತ್ರು ಸೈನಿಕರನ್ನು ಹೊಳೆ ದಾಟಿಸುವುದಿಲ್ಲ ಎಂದು ತನ್ನ ದೋಣಿಯನ್ನು ತಾನೇ ಮುಳುಗಿಸಿದ ಅಂಬಿಗಿತ್ತಿ. ಮೂರನೇ ಕ್ಲಾಸಿನ ಪಾಠ. ಈ ಸಲ ನಮ್ಮ ಪಿಯು ಫಸ್ಟ್ ಇಯರಿನಿಂದ ಆ ಪಾರ್ಟು ನನಗೆ ಬಂತು. ಟ್ಯಾಲೆಂಟ್ ನೋಡಿ ಅಲ್ಲ, ಆ ಉಡುಪು ನನ್ನ ಅಳತೆಗೆ ಕೂತಿತು, ಅಷ್ಟೇ. ರಟ್ಟಿನ ದೋಣಿಯಲ್ಲಿ ಹುಟ್ಟು ಹಿಡಿದು ಸುಮ್ಮನೆ ನಿಲ್ಲಬೇಕು. ನನ್ನ ಮಾತನ್ನು ಒಬ್ಬ ಸೀನಿಯರ್ ಹುಡುಗ ಪರದೆಯ ಹಿಂದಿನಿಂದ ಮೈಕಿನಲ್ಲಿ ಹೇಳುತ್ತಾನೆ. ಹುಡುಗಿಯರ ದನಿ ಮೈದಾನದ ಕೊನೆ ಮುಟ್ಟಲ್ಲವಂತೆ, ಡ್ರಾಮಾ ಮೇಷ್ಟ್ರ ರೂಲ್. ನನಗೆ ಖುಷಿಯೇ ಆಯಿತು. ನಾಲ್ಕು ಜನ ನೋಡಿದರೆ ನನ್ನ ನಾಲಿಗೆ ಒಣಗುತ್ತದಲ್ಲ.

ಆದರೆ ಅವನು ಏನು ಓದಿದ ಗೊತ್ತಾ? ಅಣ್ಣಂದಿರಾ, ಅಬಲೆ ನಾನು, ಕಾಲಿಗೆ ಬೀಳ್ತೀನಿ, ಬಿಟ್ಟುಬಿಡಿ ಅಂತ ಗೊಳೋ ಎಂದು ಅತ್ತ! ಗಡಸು ಗಂಟಲಲ್ಲಿ, ಮೂಗು ಸೊರಸೊರ ಅನ್ನಿಸುತ್ತಾ. ಮುಖ್ಯ ಅತಿಥಿಗಳು ಕರ್ಚೀಫು ತೆಗೆದರು. ಮೇಷ್ಟ್ರು ಪಕ್ಕದಿಂದ, ಬಗ್ಗು, ಕೈ ಜೋಡಿಸು ಎಂದು ಸನ್ನೆ ಮಾಡಿದರು.

ನಾನು ಬಗ್ಗಲಿಲ್ಲ, ಪ್ರಾಮಿಸ್. ಸುಳ್ಳು, ನಾನು ಅಳಲಿಲ್ಲ, ದಾಟಿಸೋದಿಲ್ಲ ಅಂದೆ, ಅಷ್ಟೇ ಅಂತ ಕೂಗಿಬಿಟ್ಟೆ. ಮೈಕಿಲ್ಲದೆ. ಮೈದಾನದ ಆ ತುದಿಯಲ್ಲಿ ಐಸ್‌ಕ್ಯಾಂಡಿ ಮಾರುವವನು ತಿರುಗಿ ನೋಡಿದ. ಗಾಬರಿಯಲ್ಲಿ ಎಕ್ಸ್‌ಕ್ಯೂಸ್ ಮಿ ಅಂತಲೂ ಸೇರಿಸಿದೆನಂತೆ. ಏನೇ ಇಂಗ್ಲಿಷ್ ಅಂಬಿಗಿತ್ತಿ, ಪಾಸ್‌ಪೋರ್ಟ್ ಇದೆಯೇನೇ ಅಂತ ಗೆಳತಿಯರು ಜೀವ ತಿನ್ನುತ್ತಿದ್ದಾರೆ.

ಪ್ರಿನ್ಸಿಪಾಲರು ಕರೆಸಿದರು. ಅತಿಥಿಗಳ ಮುಂದೆ ನಮ್ಮ ಮಾನ ಹರಾಜು ಹಾಕಿದೆಯಲ್ಲಮ್ಮಾ, ಸುಮ್ಮನೆ ನಿಲ್ಲೋಕೆ ನಿನಗೇನು ಧಾಡಿ ಎಂದರು. ನಿಂತೇ ಇದ್ದೆ ಸರ್, ಬಗ್ಗೋಕಷ್ಟೇ ಆಗಲಿಲ್ಲ ಎಂದೆ. ಶುಕ್ರವಾರದೊಳಗೆ ನಿಮ್ಮಮ್ಮ ಬಂದು ತಪ್ಪಾಯ್ತು ಅನ್ನಲಿ, ಇಲ್ಲದಿದ್ದರೆ ಹಾಸ್ಟೆಲ್ ಸೀಟಿಲ್ಲ ಎಂದು ತೀರ್ಪಾಯಿತು.

ಅಮ್ಮಾ, ಆರು ವರ್ಷದವಳನ್ನು ಹಾಸ್ಟೆಲಿಗೆ ಬಿಟ್ಟಾಗಿನಿಂದ ನನ್ನ ಪರವಾಗಿ ಎಷ್ಟು ಸಲ ತಪ್ಪಾಯ್ತು ಅಂದಿದ್ದೀಯ! ಹಾಸಿಗೆ ಒದ್ದೆಯಾದಾಗ, ಗಣಿತದಲ್ಲಿ ಗೋತಾ ಹೊಡೆದಾಗ, ಕಿಟಕಿ ಒಡೆದವರು ಬೇರೆ ಯಾರೋ ಆಗಿದ್ದಾಗಲೂ. ಬಟ್ಟೆ ಒಗೆಯುವ ಸೋಡಾದಿಂದ ಚರ್ಮ ಸುಲಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಕುರ್ಚಿ ಇದ್ದರೂ ಕೂರದೆ.

ಈ ಸಲ ಬಾ. ಬಂದು ಕೂತುಕೋ. ಕೈಗಳನ್ನು ಅವರ ಮೇಜಿನ ಮೇಲಿಡು. ಮಗಳು ಹೇಳಿದ್ದು ನಿಜವೋ ಸುಳ್ಳೋ ಎಂದು ಕೇಳು. ತಪ್ಪಾಯ್ತು ಅಂತ ಮಾತ್ರ ಅನ್ನಬೇಡ. ನೀನು ಅಂದರೆ ನಾನೇ ಅಂದ ಹಾಗೆ.

ನಿನ್ನ
ಪುಕ್ಕಲಿ

ವಿ.ಸೂ.: ಸೀಟು ಉಳಿಸಲು ಅವಸರದಲ್ಲಿ ಓಡಿ ಬರಬೇಡ. ಅದು ಶುಕ್ರವಾರದವರೆಗೂ ಕಾಯದೆ ನಿನ್ನೆ ಸಂಜೆಯೇ ಹೋಯಿತು. ನೀನೇ ತಪ್ಪಾಯ್ತು ಅನ್ನು, ನಿಮ್ಮಮ್ಮನಿಗೆ ಸುದ್ದಿ ಮುಟ್ಟಲ್ಲ ಎಂದು ವಾರ್ಡನ್ ಮೇಡಂ ಹೇಳಿದರು. ನಾನು ಅನ್ನಲಿಲ್ಲ, ಟ್ರಂಕು ಗೇಟಿನ ಹೊರಗೆ ಬಂತು. ಈಗ ಗೆಳತಿಯ ಸೋದರತ್ತೆಯ ಮನೆಯಲ್ಲಿದ್ದೇನೆ, ಬಸ್ ನಿಲ್ದಾಣದ ಹಿಂದೆ, ಸೈಕಲ್ ಅಂಗಡಿಯ ಮೇಲೆ. ನೇರ ಇಲ್ಲಿಗೇ ಬಾ. ಕ್ಲಾಸಿಗೆ ಬರಬೇಡ ಎಂದು ಯಾರೂ ಹೇಳಿಲ್ಲ. ಇವತ್ತೂ ಹೋಗಿದ್ದೆ, ಮೊದಲ ಬೆಂಚಿನಲ್ಲೇ ಕೂತಿದ್ದೆ.